ಕಿವಿ ಕೊಟ್ಟ ಸ್ವರ

ಅವಳಿಗೆ ‘ಕಿವಿ’ ಎಂಬ ಹೆಸರು ಬಿದ್ದದ್ದು ಹಾಡುವ ಗುಂಪಿಗೆ ಸೇರಿದ ಮೇಲಲ್ಲ. ಅದಕ್ಕೂ ಬಹಳ ಮುಂಚೆ, ಏಳು ವರ್ಷದವಳಿದ್ದಾಗ, ಪಿಂಗಾಣಿ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ. ಅವಳ ಅಮ್ಮ ಅಲ್ಲಿ ಕಪ್ ತಟ್ಟುವ ಕೆಲಸದಲ್ಲಿದ್ದಳು. ಭಟ್ಟಿಯಿಂದ ಇಳಿದು ತಣ್ಣಗಾದ ಕಪ್ಪುಗಳನ್ನು ಒಂದೊಂದಾಗಿ ಎಡಗೈಯ ಮೂರು ಬೆರಳ ಮೇಲೆ ಕೂರಿಸಿಕೊಂಡು, ಬಲಗೈಯ ಮರದ ಕಡ್ಡಿಯಿಂದ ಅಂಚಿಗೆ ಮೆತ್ತಗೆ ಒಂದು ಏಟು. ಟಿಣ್ ಎಂದರೆ ಬಲಗಡೆಯ ಬುಟ್ಟಿಗೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಟಪ್ ಎನ್ನುತ್ತದೆ, ಅದು ಎಡಗಡೆಗೆ. ಹನ್ನೆರಡು ಹೆಂಗಸರು ಎದುರುಬದುರು ಕೂತು ದಿನವಿಡೀ ಹೀಗೆ ತಟ್ಟುತ್ತಿದ್ದರೆ ಹೊಸಬರಿಗೆ ತಲೆ ಸಿಡಿದುಹೋಗುತ್ತಿತ್ತು. ಮಗಳು ಶಾಲೆ ಬಿಟ್ಟವಳು ನೇರ ಅಲ್ಲಿಗೇ ಬಂದು, ಮೇಜಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮನೆಪಾಠ ಬರೆಯುತ್ತಿದ್ದಳು. ಒಂದು ದಿನ ಬರೆಯುತ್ತ ಬರೆಯುತ್ತಲೇ, ತಲೆ ಕೂಡ ಎತ್ತದೆ, “ಅಮ್ಮಾ, ಆ ಕೊನೇಲಿ ಕೂತಿರೋ ಅತ್ತೆ ಒಡೆದಿದ್ದನ್ನ ಒಳ್ಳೇದರ ಜೊತೆ ಹಾಕಿದ್ರು,” ಎಂದಳು.

ಕೊನೆಯ ಅತ್ತೆಗೆ ಮೈಯೆಲ್ಲ ಉರಿಯಿತು. “ನೋಡ್ರೇ, ಇನ್ನೂ ಹಾಲುಹಲ್ಲು ಉದುರಿಲ್ಲ, ನನಗೆ ಕೆಲಸ ಕಲಿಸೋಕೆ ಬಂದಿದಾಳೆ!”

ಗದ್ದಲ ಕೇಳಿ ಮೇಸ್ತ್ರಿ ಬಂದ. ಬುಟ್ಟಿಯೊಳಗಿನ ಕಪ್ಪುಗಳನ್ನೆಲ್ಲ ತೆಗೆಸಿ ಮತ್ತೆ ತಟ್ಟಿಸಿದ. ಹದಿನಾರನೆಯದು ಟಪ್ ಎಂದಿತು. ಕಿಟಕಿಯ ಬೆಳಕಿಗೆ ಹಿಡಿದರೆ ಹಿಡಿಕೆಯ ಬುಡದಲ್ಲಿ ಕೂದಲೆಳೆಯಷ್ಟು ಸೀಳು. “ಏನಮ್ಮಾ ಇದು, ಈ ಮಗೂಗಿರೋದು ಕಿವೀನೋ ಭೂತಗನ್ನಡೀನೋ?” ಎಂದು ಮೇಸ್ತ್ರಿ ನಕ್ಕ. ಅಂದಿನಿಂದ ಅವಳು ಕಿವಿ. ಶಾಲೆಯ ಹಾಜರಿಪುಸ್ತಕದಲ್ಲಿ ಬೇರೆ ಹೆಸರಿತ್ತು, ಅದನ್ನು ಕೂಗಿದರೆ ಅವಳಿಗೇ ತಡವಾಗಿ ಗೊತ್ತಾಗುತ್ತಿತ್ತು.

ಅದೇ ಕೋಣೆಯಲ್ಲಿ ಅವಳು ಇನ್ನೊಂದು ಸಂಗತಿಯನ್ನೂ ಕಂಡಳು. ಅಮ್ಮನ ಪಕ್ಕದ ಕುರ್ಚಿಯ ಹೆಂಗಸಿಗೆ ಒಂದು ಮಧ್ಯಾಹ್ನ ಮೂರ್ಛೆ ಬಂತು. ಕೈಕಾಲು ಬಡಿದುಕೊಂಡು ಬಿದ್ದಳು, ಜೊತೆಗೆ ತುಂಬಿದ ಬುಟ್ಟಿಯೂ ಬಿತ್ತು. ಯಾರೂ ಬೈಯಲಿಲ್ಲ. ನೀರು ಕೊಟ್ಟರು, ಗಾಳಿ ಬೀಸಿದರು, ಮನೆಯವರೆಗೆ ಬಿಟ್ಟುಬಂದರು. ಮಾರನೆಯ ದಿನ ಬೆಳಿಗ್ಗೆ ಆ ಕುರ್ಚಿಯಲ್ಲಿ ಬೇರೊಬ್ಬಳು ಕೂತಿದ್ದಳು, ಅಷ್ಟೆ. “ಬೈದಿದ್ರೇ ಚೆನ್ನಾಗಿರ್ತಿತ್ತು. ಬೈಯೋದಾದ್ರೆ ಇಟ್ಕೋತಾರೆ ಅಂತ ಅರ್ಥ,” ಎಂದು ಅಮ್ಮ ಅವತ್ತು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಹಾಡಿನ ಮೇಷ್ಟ್ರು ಸಿಕ್ಕಿದ್ದು ಅವಳ ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಆಗ ಅವಳೂ ಅದೇ ಮೇಜಿಗೆ ಕೂತು ಎರಡು ವರ್ಷವಾಗಿತ್ತು. ಮೇಷ್ಟ್ರು ಶಾಲೆಯೊಂದರಲ್ಲಿ ಸಂಗೀತ ಕಲಿಸಿ, ಅಲ್ಲಿನವರೊಂದಿಗೆ ಜಗಳವಾಡಿ ಹೊರಬಂದವರು. ವಾದ್ಯವೇ ಇಲ್ಲದೆ ನಾಲ್ಕು ಗಂಟಲಿನಿಂದಲೇ ಹಾಡು, ತಾಳ, ಎಲ್ಲ ಹುಟ್ಟಿಸುವ ಗುಂಪು ಕಟ್ಟಬೇಕೆಂಬ ಹಟ ಅವರಿಗೆ. ಗುಂಪಿಗೆ ‘ಬರಿಗೊರಳು’ ಎಂದು ಹೆಸರೂ ಇಟ್ಟಾಗಿತ್ತು, ಮೂವರು ಸೇರಿಯೂ ಆಗಿತ್ತು. ಮುಂದೆ ನಿಂತು ಹಾಡಲು ಉದ್ದಕ್ಕ. ಆರಡಿಗೆ ಎರಡೇ ಬೆರಳು ಕಡಿಮೆ, ರೈಲು ನಿಲ್ದಾಣದಲ್ಲಿ ಪ್ರಕಟಣೆ ಕೂಗುವ ಕೆಲಸ ಮಾಡಿದವಳು. ತಳದ ದನಿಗೆ ಗುಡುಗಣ್ಣ, ಲಾರಿ ಓಡಿಸುತ್ತಿದ್ದವನು. ಬಾಯಲ್ಲೇ ತಾಳ ಬಾರಿಸಿ ಬೆರಳಲ್ಲಿ ಚಿಟಿಕೆ ಹೊಡೆಯುವವನು ಚಿಟಿಕೆ, ದರ್ಜಿಯ ಮಗ. ಎರಡನೆಯ ದನಿಗೆ ಒಬ್ಬಳು ಬೇಕಿತ್ತು.

ಕನ್ನಡಕದಂಗಡಿಯ ಮೇಲಿನ ಕೋಣೆಯಲ್ಲಿ ಅವಳು ಹಾಡಿ ತೋರಿಸಿದಾಗ ಮೇಷ್ಟ್ರು ಮುಖ ಕಿವುಚಿದರು. “ಗಂಟಲು ಸಾಧಾರಣ ಕಣಮ್ಮ. ಬಚ್ಚಲಮನೆಗೆ ಸಾಕು, ಪಡಸಾಲೆಗೆ ಸಾಲದು.”

“ಗಂಟಲು ಅಷ್ಟೇ ಸಾರ್. ಕಿವಿ ಚೆನ್ನಾಗಿದೆ,” ಎಂದಳು ಅವಳು.

ಮೇಷ್ಟ್ರು ಕೀಬೋರ್ಡಿನ ಹನ್ನೆರಡು ಮನೆಗಳಿಗೆ ಒಂದರಿಂದ ಹನ್ನೆರಡು ಎಂದು ಚೀಟಿ ಅಂಟಿಸಿಕೊಂಡಿದ್ದರು. ಅವರ ಪದ್ಧತಿಯೇ ಅದು, ಸ್ವರಕ್ಕೆ ಹೆಸರಿಲ್ಲ, ಸಂಖ್ಯೆ. ಯಾವ ಸಂಖ್ಯೆ ಹೇಗೆ ಕೇಳುತ್ತದೆ ಎಂದು ಒಂದೇ ಒಂದು ಸಲ ಬಾರಿಸಿ ತೋರಿಸಿ, ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಮನಸ್ಸಿಗೆ ಬಂದದ್ದನ್ನು ಒತ್ತುತ್ತ ಹೋದರು. ಅವಳು ಹೇಳುತ್ತ ಹೋದಳು. ನಾಲ್ಕು. ಹನ್ನೊಂದು. ಒಂಬತ್ತು. ಎರಡು, ಅದರ ಜೊತೆ ಆರು. ಕೆಳಗಿನ ಅಂಗಡಿಯ ಬಾಗಿಲು ಕಿರ್ ಎಂದಾಗ, “ಅದು ಐದಕ್ಕೂ ಆರಕ್ಕೂ ನಡುವೆ, ಎಣ್ಣೆ ಹಾಕಿದ್ರೆ ಸರಿಹೋಗುತ್ತೆ,” ಎಂದಳು. ಗುಡುಗಣ್ಣ ಕೂತಲ್ಲೇ ಹೊಟ್ಟೆ ಕುಣಿಸಿ ನಕ್ಕ. ಮೇಷ್ಟ್ರು ನಗಲಿಲ್ಲ. ಎದ್ದು ಹೋಗಿ ಕೀಬೋರ್ಡಿಗೆ ಬಟ್ಟೆ ಮುಚ್ಚಿದರು. “ಇನ್ನು ಇದು ಬೇಡ. ಇವಳಿದ್ದಾಳೆ,” ಎಂದರು.

ಅಲ್ಲಿಂದ ಹನ್ನೆರಡು ವರ್ಷ. ಅಂಗಡಿಗಳ ಉದ್ಘಾಟನೆಗೆ ಹಾಡಿದರು, ಹಲ್ಲುಪುಡಿಯ ಜಾಹೀರಾತಿಗೆ ಹಾಡಿದರು, ಕೇಳುವವರು ಏಳೇ ಜನ ಇದ್ದ ಸಭಾಂಗಣದಲ್ಲೂ ಹಾಡಿದರು. ಮೊದಲ ಪ್ರವಾಸದಲ್ಲಿ ಹೆಂಗಸರಿಬ್ಬರಿಗೂ ಸೇರಿ ಇದ್ದದ್ದು ಒಂದೇ ಮಂಚ. ಉದ್ದಕ್ಕನ ಕಾಲು ಹೊರಗೇ ಚಾಚಿರುತ್ತಿತ್ತು. “ಗೋಡೆ ಪಕ್ಕ ನೀನು ಮಲಕ್ಕೋ, ನಾನು ಬಿದ್ರೆ ನೆಲಕ್ಕೇ ನೋವು,” ಎನ್ನುತ್ತಿದ್ದಳು. ಹುಬ್ಬು ತಿದ್ದುವುದನ್ನು, ಪತ್ರಿಕೆಯವರಿಗೆ ಉತ್ತರ ಕೊಡುವುದನ್ನು, ಮೇಷ್ಟ್ರ ಕೋಪವನ್ನು ಮಳೆಯಂತೆ ಸುರಿಯಲು ಬಿಟ್ಟು ನಿಲ್ಲುವುದನ್ನು ಅವಳಿಗೆ ಕಲಿಸಿದ್ದೆಲ್ಲ ಉದ್ದಕ್ಕನೇ. ಆಮೇಲೆ ಒಂದು ವರ್ಷ ಅವರ ‘ಛತ್ರಿ ಹಾಡು’ ಹೇಗೋ ಜನರ ಬಾಯಿಗೆ ಬಿತ್ತು. ಬಸ್ಸಿನಲ್ಲಿ, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ಕಂಡಕಂಡವರ ಫೋನಿನಲ್ಲಿ ಅದೇ. ಬಸ್ಸಿನಲ್ಲಿ ಮರೆತುಬಿಟ್ಟ ಛತ್ರಿಯೊಂದರ ಮೇಲಿನ ಹಾಡು, ಕೊನೆಯ ಸಾಲಿನಲ್ಲಿ ಉದ್ದಕ್ಕನ ದನಿ ಮೇಲೇರಿ ಅಲ್ಲೇ ನಿಂತುಬಿಡುತ್ತದೆ. ಜನ ಕಾಯುವುದೇ ಆ ಒಂದು ನಿಲುವಿಗೆ.

ಬರಿಗೊರಳಿನ ವೇದಿಕೆಗೆ ಯಾವ ಯಂತ್ರವೂ ಬರುವಂತಿಲ್ಲ. ಬೆಳಕು ಬೀಳುವ ಮುನ್ನ ಕಿವಿ ತುಟಿ ಮುಚ್ಚಿಕೊಂಡು, ಪಕ್ಕದವರಿಗೆ ಮಾತ್ರ ಕೇಳುವಷ್ಟು, ಮೊದಲ ಸ್ವರವನ್ನು ಗುನುಗುತ್ತಾಳೆ. ಮೂವರೂ ಅದನ್ನು ಹಿಡಿದು ಏಳುತ್ತಾರೆ. ಶೂನ್ಯದಿಂದ ಹಾಡು ಹೇಗೆ ಹುಟ್ಟುತ್ತದೆ ಎಂದು ಯಾರಾದರೂ ಕೇಳಿದರೆ ಚಿಟಿಕೆ ಹೇಳುತ್ತಿದ್ದ: “ನಮ್ಮ ಹತ್ರ ಒಂದು ಯಂತ್ರ ಇದೆ ಸಾರ್. ಕರೆಂಟು ಬೇಡ. ಊಟ ಮಾತ್ರ ಸ್ವಲ್ಪ ಜಾಸ್ತಿ.”

ಹೀಗೆ ಇರುವಾಗ ಅವಳ ಮೂವತ್ತೊಂದನೆಯ ವಯಸ್ಸಿನಲ್ಲಿ ಮೂರ್ಛೆ ಶುರುವಾಯಿತು.

ಮೊದಲನೆಯದು ಪ್ರವಾಸದ ವ್ಯಾನಿನಲ್ಲಿ. ಎಲ್ಲರೂ ನಿದ್ದೆಯಲ್ಲಿದ್ದರು, ಯಾರಿಗೂ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಾದದ್ದು ನಾಲಿಗೆ ಕಚ್ಚಿ ಬಾಯಲ್ಲಿ ರಕ್ತದ ರುಚಿ ಬಂದಾಗ. ಎರಡನೆಯದು ಮನೆಯಲ್ಲಿ, ಅಮ್ಮನ ಕಣ್ಣೆದುರು. ಡಾಕ್ಟರು ತಲೆಗೆ ತಂತಿ ಅಂಟಿಸಿ ನೋಡಿ, ಗುಳಿಗೆ ಬರೆದು, “ಒಂದು ಹೊತ್ತೂ ತಪ್ಪಿಸಬಾರದು,” ಎಂದರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಅಮ್ಮ ಅವಳ ಮುಂಗೈ ಹಿಡಿದು ನಿಲ್ಲಿಸಿದಳು.

“ಯಾರಿಗೂ ಹೇಳಬೇಡ. ನಿನ್ನ ಗುಂಪಿನವರಿಗಂತೂ ಬೇಡವೇ ಬೇಡ.”

“ಅವರು ಹಾಗಲ್ಲಮ್ಮ.”

“ಯಾರೂ ಹಾಗಲ್ಲ. ಕುರ್ಚಿ ಖಾಲಿಯಾಗೋವರೆಗೆ ಯಾರೂ ಹಾಗಲ್ಲ.”

ಗುಳಿಗೆಯಿಂದ ಮೂರ್ಛೆ ನಿಂತಿತು. ಹತ್ತನೆಯ ದಿನ ಬೆಳಿಗ್ಗೆ ಅವರ ಕಟ್ಟಡದ ಲಿಫ್ಟು ಬಂದು ನಿಂತು ಟಿಂಗ್ ಎಂದಾಗ ಅವಳು ಬಾಗಿಲಲ್ಲೇ ನಿಂತಳು. ಆ ಲಿಫ್ಟು ಆರು ವರ್ಷದಿಂದ ‘ನಾಲ್ಕು’ ಎನ್ನುತ್ತಿತ್ತು. ಇವತ್ತು ಮೂರು. ಗಂಟೆ ಸವೆದಿರಬೇಕು ಎಂದುಕೊಂಡಳು. ಮಧ್ಯಾಹ್ನ ರೇಡಿಯೋದಲ್ಲಿ ತಮ್ಮದೇ ಛತ್ರಿ ಹಾಡು ಬಂತು, ಅದೂ ಒಂದು ಮನೆ ಕೆಳಗೆ! ಸಿಟ್ಟಿನಿಂದ ರೇಡಿಯೋದವರಿಗೆ ಫೋನು ಮಾಡಿದಳು.

“ನಿಮ್ಮ ಯಂತ್ರ ನಿಧಾನ ಓಡ್ತಿದೆ. ಹಾಡು ಎಂಟರಿಂದ ಶುರುವಾಗ್ತಿದೆ, ಅದು ಒಂಬತ್ತರದ್ದು.”

“ಒಂಬತ್ತಕ್ಕೆ ವಾರ್ತೆ ಮೇಡಂ,” ಎಂದು ಆ ಕಡೆಯವನು ಫೋನಿಟ್ಟ.

ಕುಕ್ಕರಿನ ಸೀಟಿ, ಪಕ್ಕದ ಮನೆಯ ಕರೆಗಂಟೆ, ಹಿಂದಕ್ಕೆ ಬರುವ ಲಾರಿಯ ಪೀಂ ಪೀಂ, ಎಲ್ಲವೂ ಒಂದೊಂದು ಮನೆ ಕೆಳಗಿಳಿದಿದ್ದವು. ಊರಿಗೆ ಊರೇ ಒಂದೇ ಸಲ ಕುಸಿದಿರಲು ಸಾಧ್ಯವೇ?

ಮಾರನೆಯ ದಿನ ಅಭ್ಯಾಸದಲ್ಲಿ ತನ್ನ ಕಿವಿಗೆ ಒಂಬತ್ತು ಎನಿಸಿದ್ದನ್ನು ಗುನುಗಿದಳು. ಮೂವರೂ ಹಿಡಿದರು. ಕೊನೆಯ ಸಾಲಿಗೆ ಬಂದಾಗ ಉದ್ದಕ್ಕನ ದನಿ ಮೇಲೇರಿ, ತುದಿಯಲ್ಲಿ ಚೂರಾಯಿತು.

“ಸ್ವಲ್ಪ ಮೇಲಾಯ್ತಾ ಕಿವಿ ಇವತ್ತು?” ಎಂದು ಉದ್ದಕ್ಕ ಕೆಮ್ಮುತ್ತ ಕೇಳಿದಳು.

ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಹೇಳಿದರು: “ಕಿವಿ ಕೊಟ್ಟಿದ್ದು ಮೇಲಾಗಲ್ಲ. ನಿನ್ನ ಗಂಟಲು ಕೆಳಗಾಗಿದೆ. ಇನ್ನೊಂದ್ಸಲ.”

“ನನಗಂತೂ ಇವತ್ತು ತಳದ ಸ್ವರ ಬೆಣ್ಣೆ ಥರ ಬಂತಪ್ಪ,” ಎಂದ ಗುಡುಗಣ್ಣ ಸಂತೋಷದಿಂದ. “ಸಿಗರೇಟು ಬಿಟ್ಟಿದ್ದು ಸಾರ್ಥಕವಾಯ್ತು.”

ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಸ್ವರ ಅಳೆಯುವ ಆಪ್ ಒಂದನ್ನು ಫೋನಿಗೆ ಇಳಿಸಿಕೊಂಡು, ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಫೋನನ್ನು ತುಟಿಗೆ ಒತ್ತಿಕೊಂಡು ಗುನುಗಿದಳು. ಅವಳು ಕೊಟ್ಟದ್ದು ಒಂಬತ್ತು. ಫೋನು ತೋರಿಸಿದ್ದು, ಮೇಷ್ಟ್ರ ಲೆಕ್ಕದಲ್ಲಿ, ಹತ್ತು. ಇನ್ನೊಮ್ಮೆ, ಮತ್ತೊಮ್ಮೆ, ಹತ್ತು. ಜಗತ್ತು ಅವಳಿಗೆ ಒಂದು ಮನೆ ಕೆಳಗೆ ಕೇಳುತ್ತಿತ್ತು, ಅದಕ್ಕೇ ಅವಳು ಒಂದು ಮನೆ ಮೇಲೆ ಕೊಡುತ್ತಿದ್ದಳು. ಗುಡುಗಣ್ಣನ ತಳ ಬೆಣ್ಣೆಯಾದದ್ದೂ ಉದ್ದಕ್ಕನ ತುದಿ ಚೂರಾದದ್ದೂ ಅದಕ್ಕೇ.

ಡಾಕ್ಟರು ಮೊದಲು ನಕ್ಕರು. ಗಾಜಿನ ಗೂಡಿನಲ್ಲಿ ಕೂರಿಸಿ ಕಿವಿ ಪರೀಕ್ಷೆ ಮಾಡಿಸಿದರು. “ಇರುವೆ ಸೀನಿದ್ರೂ ಕೇಳುತ್ತಮ್ಮ ನಿಮಗೆ!” ಆದರೆ ಅವಳ ಮುಖ ನೋಡಿ ನಗು ನಿಲ್ಲಿಸಿ, ದಪ್ಪನೆಯ ಪುಸ್ತಕ ತೆಗೆದು ಬಹಳ ಹೊತ್ತು ಓದಿದರು. ಈ ಗುಳಿಗೆಯಿಂದ ಅಪರೂಪಕ್ಕೆ ಹೀಗಾಗುವುದುಂಟಂತೆ. ಬೇರೆಯವರಾದರೆ ಗಮನಿಸುವುದೂ ಇಲ್ಲವಂತೆ. “ಬದಲಾಯಿಸೋಣ. ಆದರೆ ಇದನ್ನ ಮೆಲ್ಲಗೆ ಇಳಿಸಬೇಕು, ಅದನ್ನ ಮೆಲ್ಲಗೆ ಏರಿಸಬೇಕು. ಎರಡು ತಿಂಗಳು ಹಿಡಿಯುತ್ತೆ.”

“ಇನ್ನು ಒಂದು ತಿಂಗಳಿಗೆ ನಮ್ಮ ಕಾರ್ಯಕ್ರಮ ಡಾಕ್ಟ್ರೇ. ದೊಡ್ಡದು. ನೇರ ಪ್ರಸಾರ.”

“ಹಾಡಿ, ಬೇಡ ಅಂದೋರ್ಯಾರು? ಗಂಟಲಿಗೇನೂ ಆಗಿಲ್ಲವಲ್ಲ.”

ತನ್ನ ಗಂಟಲನ್ನು ಯಾರೂ ಎಂದೂ ಬಯಸಿಲ್ಲ ಎಂದು ಅವರಿಗೆ ಹೇಗೆ ಹೇಳುವುದು? ಹನ್ನೆರಡು ವರ್ಷ ಆ ನಾಲ್ವರ ನಡುವೆ ಅವಳಿಗೆ ಸಿಕ್ಕ ಜಾಗ ಕಿವಿಯ ಜಾಗ. ಅದು ಹೋದರೆ ಎರಡನೆಯ ದನಿಯವಳು ಸಂತೆಗೆ ನೂರು ಜನ.

ಡಾಕ್ಟರಿಗೂ ಅಮ್ಮನಿಗೂ ಹೇಳದೆ ಗುಳಿಗೆ ಬಿಟ್ಟಳು. ಮೂರನೆಯ ದಿನ ಲಿಫ್ಟು ನಾಲ್ಕು ಎಂದಿತು. ಅವಳು ಲಿಫ್ಟಿನೊಳಗೇ ಅತ್ತುಬಿಟ್ಟಳು. ನಾಲ್ಕನೆಯ ದಿನ ಬೆಳಿಗ್ಗೆ ಹಾಲು ಕಾಯಿಸುವಾಗ ಬಿದ್ದಳು. ಅಮ್ಮ ಓಡಿಬಂದಾಗ ಅವಳ ಎಡಗೈ ಒಲೆಯ ಮೇಲಿತ್ತು. ಸುಟ್ಟ ಮುಂಗೈಗೆ ಮುಲಾಮು ಹಚ್ಚುತ್ತ ಅಮ್ಮ ಒಂದು ಮಾತೂ ಬೈಯಲಿಲ್ಲ. ಲೋಟದಲ್ಲಿ ನೀರು ಹಿಡಿದು, ಗುಳಿಗೆಯನ್ನು ತನ್ನ ಕೈಯಿಂದಲೇ ಮಗಳ ನಾಲಿಗೆಯ ಮೇಲಿಟ್ಟು, ನುಂಗುವವರೆಗೆ ಗಂಟಲನ್ನೇ ನೋಡುತ್ತ ನಿಂತಳು. ಮರುದಿನದಿಂದ ಅದೇ ಪರಿಪಾಠವಾಯಿತು.

ಇನ್ನುಳಿದದ್ದು ಒಂದೇ ದಾರಿ. ಎಂಟು ಎಂದು ಕೇಳಿಸುವುದನ್ನು ಒಂಬತ್ತು ಎಂದುಕೊಂಡು ಕೊಡುವುದು. ಒಂದು ದಿನ ಹಾಗೇ ಕೊಟ್ಟಳು. ಮೊದಲ ಸಾಲು ದೇವರ ದಯೆಯಿಂದ ಸರಿಯಾಗಿಯೇ ಹೋಯಿತು. ಆದರೆ ಕಣ್ಣಿಗೆ ಕಾಣುವ ಮೆಟ್ಟಿಲನ್ನು ಇಲ್ಲವೆಂದುಕೊಂಡು ಎಷ್ಟು ದೂರ ನಡೆಯಲಾದೀತು? ಎರಡನೆಯ ಸಾಲಿಗೆ ಅವಳ ದನಿ ತನಗೆ ಗೊತ್ತಿದ್ದ ಜಾಗ ಹುಡುಕಿಕೊಂಡು ತಾನೇ ಮೇಲೆ ಜಾರಿತು. ಉದ್ದಕ್ಕ ಇದ್ದಲ್ಲೇ ಇದ್ದಳು. ಎರಡೂ ಉಜ್ಜಿಕೊಂಡು, ತಗಡಿನ ಮೇಲೆ ತಗಡು ಎಳೆದಂತಾಯಿತು.

ಮೇಷ್ಟ್ರು ಕೈಯಲ್ಲಿದ್ದ ಕಾಗದ ಎಸೆದರು. “ಕೇಳಿಸ್ತೇನು ಉದ್ದಕ್ಕಾ? ಕಿವಿ ಎಲ್ಲಿದ್ದಾಳೆ, ನೀನೆಲ್ಲಿದ್ದೀಯ? ಇಡೀ ಹಾಡನ್ನ ಕೆಳಗೆ ಎಳೀತಿದೀಯಲ್ಲ!”

ಉದ್ದಕ್ಕ ಕಿವಿಯ ಕಡೆ ನೋಡಿದಳು. ದೂರುವ ನೋಟವಲ್ಲ, ಕೇಳುವ ನೋಟ. ‘ನಿಜವೇನೇ?’ ಎಂದು. ಕಿವಿ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದಳು. ಅವಳ ಬೂಟಿಗೆ ದಾರವೇ ಇರಲಿಲ್ಲ.

ಮರುದಿನದಿಂದ ಮತ್ತೆ ಹತ್ತನ್ನೇ ಕೊಡತೊಡಗಿದಳು. ಉದ್ದಕ್ಕ ದಿನಾ ಒಂದು ಗಂಟೆ ಮುಂಚೆ ಬರತೊಡಗಿದಳು. ಫ್ಲಾಸ್ಕಿನಲ್ಲಿ ಬಿಸಿನೀರು, ಕುತ್ತಿಗೆಗೆ ಉಣ್ಣೆಯ ಬಟ್ಟೆ. ಕಿಟಕಿಗೆ ಮುಖ ಮಾಡಿ ಆ ಒಂದು ತುದಿಯನ್ನು ಮತ್ತೆ ಮತ್ತೆ ಎಟುಕಿಸಿಕೊಳ್ಳುವುದು, ಬೀಳುವುದು, ಮತ್ತೆ ಏರುವುದು.

“ನಲವತ್ತೆರಡಾಯ್ತಲ್ಲ ಕಣೇ, ಇನ್ನೇನು,” ಎಂದಳು ಒಂದು ದಿನ ಮೆಟ್ಟಿಲ ಮೇಲೆ ಕೂತು ಚಹಾ ಹೀರುತ್ತ. “ನಮ್ಮತ್ತೆಗೆ ಇದೇ ವಯಸ್ಸಿಗೆ ಮಂಡಿ ಹೋಯ್ತು. ನನಗೆ ಗಂಟಲು. ಮಂಡಿ ಹೋದೋರಿಗೆ ಕುರ್ಚಿನಾದ್ರೂ ಕೊಡ್ತಾರೆ.”

“ಹಾಗೆಲ್ಲ ಏನಿಲ್ಲಕ್ಕ.”

“ನಿನಗೇನು ಬಿಡು, ಕಿವಿಗೆ ವಯಸ್ಸಾಗಲ್ಲ. ನಿಜ ಹೇಳು, ನಾನು ಎಷ್ಟು ಕೆಳಗಿದ್ದೆ ಇವತ್ತು?”

ಅವಳು ಚಹಾದ ಲೋಟದೊಳಗೆ ನೋಡುತ್ತ ಹೇಳಿದಳು. “ಸ್ವಲ್ಪ.”

ಹೇಳಿದ ಮೇಲೆ ಆ ಪದ ಎದೆಯೊಳಗೆ ಮುಳ್ಳಿನಂತೆ ಕೂತಿತು. ಕೀಳಲು ಇನ್ನೊಂದು ಮಾತು ಸಾಕಿತ್ತು. ಆ ಮಾತಿಗೆ ಅವಳ ಬಾಯಿ ಬರಲಿಲ್ಲ.

ಮೂರನೆಯ ವಾರ ಉದ್ದಕ್ಕನ ಗಂಟಲಿನಿಂದ ದನಿಯ ಬದಲು ಗಾಳಿ ಬಂತು. ಗಂಟಲಿನ ಡಾಕ್ಟರು ಒಳಗೆ ಬಾವು ಕಟ್ಟಿದೆ ಎಂದು, ನಾಲ್ಕು ದಿನ ಪಿಸುಮಾತೂ ಆಡಬಾರದೆಂದರು. ಕಾರ್ಯಕ್ರಮಕ್ಕೆ ಉಳಿದಿದ್ದದ್ದು ಹತ್ತು ದಿನ. ಉದ್ದಕ್ಕ ಕುತ್ತಿಗೆಗೆ ಪೆನ್ನು ನೇತುಹಾಕಿಕೊಂಡು, ಸಣ್ಣ ಪುಸ್ತಕದಲ್ಲಿ ಬರೆದು ಬರೆದು ಮಾತಾಡುತ್ತ ಅಭ್ಯಾಸಕ್ಕೆ ಬರುತ್ತಿದ್ದಳು. ಬಾರದಿದ್ದರೆ ಎಲ್ಲಿ ಮರೆತುಬಿಡುತ್ತಾರೋ ಎಂಬ ಭಯ. ನಾಲ್ಕನೆಯ ದಿನ ಮೇಷ್ಟ್ರು ಅವಳ ಮುಖ ತಪ್ಪಿಸಿ, ಕಿಟಕಿಗೆ ಹೇಳುವಂತೆ ಹೇಳಿದರು:

“ಬ್ಯಾಂಕಿನಲ್ಲಿ ಕೆಲಸ ಮಾಡೋ ಒಬ್ಬಳನ್ನ ಬರಹೇಳಿದೀನಿ. ಕೆಳಗೆ ಕಾಯ್ತಿದಾಳೆ. ಮುಂದೆ ನಿಂತು ಹಾಡೋ ದನಿ ಸುಮ್ನೆ ಹಾಡಿಸಿ ನೋಡ್ತೀನಿ, ಅಷ್ಟೆ.”

ಉದ್ದಕ್ಕ ಪುಸ್ತಕ ತೆರೆದು ಏನೋ ಬರೆಯಹೋದಳು. ಪೆನ್ನು ಅಲ್ಲೇ ನಿಂತಿತು. ಒಂದಕ್ಷರವೂ ಬರೆಯದೆ ಪುಸ್ತಕ ಮುಚ್ಚಿ, ತನ್ನ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡತೊಡಗಿದಳು. ಆಗಲೇ ಬಿಗಿಯಾಗಿದ್ದ ಮುಚ್ಚಳ.

“ಮೇಷ್ಟ್ರೇ, ಉದ್ದಕ್ಕನ ಗಂಟಲು ಸರಿಯಾಗಿದೆ,” ಎಂದಳು ಕಿವಿ. ತನ್ನ ದನಿ ತನಗೇ ದೂರದಿಂದ ಕೇಳಿತು. “ನಾನು ಕೊಟ್ಟಿದ್ದು ತಪ್ಪು. ಮೂರು ವಾರದಿಂದ ಒಂದು ಮನೆ ಮೇಲೆ ಕೊಡ್ತಿದೀನಿ. ಒಂಬತ್ತಕ್ಕೆ ಹತ್ತು.”

ಮೇಷ್ಟ್ರು ಅವಳನ್ನು ಕರುಣೆಯಿಂದ ನೋಡಿದರು. ಬಂದು ಭುಜ ತಟ್ಟಿದರು.

“ನಿನ್ನ ಮನಸ್ಸು ದೊಡ್ಡದು ಕಣಮ್ಮ. ಅಕ್ಕನ್ನ ಉಳಿಸ್ಕೋಬೇಕು ಅಂತ ತಾನೇ? ನನಗೂ ಹೊಟ್ಟೆ ಉರಿಯುತ್ತೆ. ಆದ್ರೆ ಸುಳ್ಳು ಹೇಳಿ ಗಂಟಲು ಸರಿಹೋಗಲ್ಲ.”

“ಸುಳ್ಳಲ್ಲ ಮೇಷ್ಟ್ರೇ! ನನಗೆ ಫಿಟ್ಸ್ ಬರ್ತಿತ್ತು. ಗುಳಿಗೆ ತಗೋತಿದೀನಿ. ಅದರಿಂದ ಎಲ್ಲಾ ಕೆಳಗೆ ಕೇಳುತ್ತೆ.”

“ಇದಕ್ಕಿಂತ ಒಳ್ಳೇ ಕತೆ ಕಟ್ಟಬಹುದಿತ್ತಮ್ಮ,” ಎಂದ ಚಿಟಿಕೆ ಮೆಲ್ಲಗೆ. “ಗುಳಿಗೆ ತಗೊಂಡ್ರೆ ಸ್ವರ ಕೆಳಗೆ ಹೋಗುತ್ತಂತೆ! ಹಂಗಾದ್ರೆ ಗುಡುಗಣ್ಣ ಹುಟ್ಟಿದಾಗಿಂದ ನುಂಗ್ತಿದಾನೆ ಅನ್ನು.”

ಹನ್ನೆರಡು ವರ್ಷ ಅವಳು ದುಡಿದು ಕಟ್ಟಿದ ನಂಬಿಕೆ ಈಗ ಅವಳ ಮಾತಿಗೇ ಅಡ್ಡ ನಿಂತಿತ್ತು. ಅವಳು ಮೂಲೆಗೆ ಹೋಗಿ ಕೀಬೋರ್ಡಿನ ಬಟ್ಟೆ ಎಳೆದಳು. ಧೂಳು ಎದ್ದಿತು. ತಂತಿ ಹುಡುಕಿ ಗೋಡೆಯ ಪ್ಲಗ್ಗಿಗೆ ಚುಚ್ಚಿದಳು.

“ಬಾರಿಸಿ,” ಎಂದು ಗೋಡೆಗೆ ಮುಖ ಮಾಡಿ ನಿಂತಳು.

“ಬೇಡಮ್ಮ.”

“ಬಾರಿಸಿ ಮೇಷ್ಟ್ರೇ, ನಿಮ್ಮ ದಮ್ಮಯ್ಯ.”

ಮೇಷ್ಟ್ರು ಒಂದು ಮನೆ ಒತ್ತಿದರು. ಅವಳು ಗೋಡೆಯ ಸುಣ್ಣದಲ್ಲಿ ಎದ್ದ ಒಂದು ಚಕ್ಕೆಯನ್ನೇ ನೋಡುತ್ತ, ಸುಳ್ಳು ಹೇಳಬಾರದು, ಲೆಕ್ಕ ಹಾಕಬಾರದು, ಕೇಳಿದ್ದನ್ನಷ್ಟೇ ಹೇಳಬೇಕು ಎಂದುಕೊಂಡಳು.

“ಮೂರು.”

ಇನ್ನೊಂದು.

“ಹತ್ತು.”

ಇನ್ನೊಂದು. “ಆರು.” ಇನ್ನೊಂದು. “ಎಂಟು.” ಅದೇ ಮತ್ತೊಮ್ಮೆ, ಜೋರಾಗಿ. “ಎಂಟು ಮೇಷ್ಟ್ರೇ.” ಇನ್ನೂ ಒಮ್ಮೆ. ಮೇಷ್ಟ್ರು ಆ ಒಂದೇ ಮನೆಯನ್ನು ಒತ್ತುತ್ತಲೇ ಇದ್ದರು, ಬಾಗಿಲು ತೆರೆಯದ ಮನೆಯ ಗಂಟೆ ಒತ್ತುವವರ ಹಾಗೆ. ಅವಳು ಪ್ರತಿ ಸಲವೂ ಎಂಟು ಎಂದಳು. ಆಮೇಲೆ ನಿಂತಿತು.

ಅವಳು ತಿರುಗಿದಳು. ಮೇಷ್ಟ್ರ ಬೆರಳು ಇನ್ನೂ ಒಂಬತ್ತರ ಚೀಟಿಯ ಮೇಲಿತ್ತು. ಅವರ ಬಾಯಿ ಸ್ವಲ್ಪ ತೆರೆದಿತ್ತು. ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಕೇಳಿದವರ ಮುಖ.

“ಹಾಗಾದ್ರೆ ನನ್ನ ತಳದ ಸ್ವರ...” ಎಂದ ಗುಡುಗಣ್ಣ. “ನಾನು ಚೆನ್ನಾಗೇನೂ ಹಾಡ್ತಿರಲಿಲ್ವಾ?” ಅವನಿಗೆ ಆ ಗಳಿಗೆಯಲ್ಲಿ ಬೇರೇನೂ ಹೊಳೆಯಲಿಲ್ಲ, ಪಾಪ.

ಉದ್ದಕ್ಕ ಎದ್ದಳು. ನಡೆದು ಬಂದು ಅವಳೆದುರು ನಿಂತಳು. ಕುತ್ತಿಗೆಯ ಪೆನ್ನನ್ನು ಕಿತ್ತು ಕುರ್ಚಿಯ ಮೇಲೆ ಎಸೆದಳು. ನಾಲ್ಕು ದಿನದ ಮೌನದಿಂದ ಹೊರಬಂದ ದನಿ ಮರಳು ಅರೆದಂತಿತ್ತು.

“ಮೂರು ವಾರ,” ಎಂದಳು. “ಮೂರು ವಾರ ಕನ್ನಡಿ ಮುಂದೆ ನಿಂತು ನನ್ನ ಗಂಟಲಿಗೆ ನಾನೇ ಬೈದಿದೀನಿ. ನಿನ್ನ ಕೇಳ್ದೆ ಕಣೇ. ಮೆಟ್ಟಿಲ ಮೇಲೆ ಕೂತು ನಿನ್ನನ್ನೇ ಕೇಳ್ದೆ. ಸ್ವಲ್ಪ ಅಂದೆ.”

“ಅಕ್ಕ...”

“ಫಿಟ್ಸ್ ಅಂತ ಹೇಳಿದ್ರೆ ನಿನ್ನ ಕತ್ತು ಹಿಡಿದು ದಬ್ತಿದ್ವಾ?”

ಉದ್ದಕ್ಕ ಮೇಷ್ಟ್ರ ಕಡೆ ನೋಡಿದಳು, ಗುಡುಗಣ್ಣನ ಕಡೆ ನೋಡಿದಳು. ಅವರಲ್ಲಿ ಯಾರೂ ‘ಇಲ್ಲ’ ಎಂದು ಹೇಳಲಿಲ್ಲ.

ಮೇಷ್ಟ್ರು ಕೀಬೋರ್ಡಿನಿಂದ ಬೆರಳು ತೆಗೆದರು. “ಚಿಟಿಕೆ, ಆ ಬ್ಯಾಂಕಿನವಳನ್ನ ಮೇಲೆ ಕರಿ. ಎರಡನೇ ದನಿ ಹಾಡ್ತಾಳಾ ಕೇಳು.” ಆಮೇಲೆ, ಅವಳ ಕಡೆ ನೋಡದೆ, “ಔಷಧಿ ಬದಲಾಗಲಿ. ಆಮೇಲೆ ನೋಡೋಣ,” ಎಂದರು. ಬೈಯಲಿಲ್ಲ. ಒಂದೇ ಒಂದು ಬೈಗುಳಕ್ಕಾಗಿ ಅವಳು ಕಾದಳು. ಅದು ಬರಲಿಲ್ಲ.

ಮೇಲೆ ಬಂದವಳು ಇಪ್ಪತ್ತೈದರ ಹುಡುಗಿ, ಬ್ಯಾಂಕಿನ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಕೋಣೆಯೊಳಗಿನ ಮುಖಗಳನ್ನು ನೋಡಿ ಬಾಗಿಲಲ್ಲೇ ತಡೆದಳು. ಎರಡನೆಯ ದನಿಯನ್ನು ಆರು ದಿನದಲ್ಲಿ ಕಲಿಯಬೇಕೆಂದಾಗ, “ಯಾರು ಹೇಳಿಕೊಡ್ತಾರೆ?” ಎಂದು ಕೇಳಿದಳು. ಆ ದನಿಯ ಸಾಲುಗಳನ್ನು ಯಾರೂ ಎಂದೂ ಬರೆದಿಟ್ಟಿರಲಿಲ್ಲ. ಅದು ಇದ್ದದ್ದು ಒಬ್ಬಳ ತಲೆಯೊಳಗೆ ಮಾತ್ರ.

“ನಾನು,” ಎಂದಳು ಕಿವಿ.

ಇಬ್ಬರೂ ಕೀಬೋರ್ಡಿನ ಮುಂದೆ ಕೂತರು. ಮೇಷ್ಟ್ರು ಒಂಬತ್ತನ್ನು ಒತ್ತಿ ಹಿಡಿದರು. ಕಿವಿ ಮೊದಲ ಸಾಲನ್ನು ಪದ ಪದವಾಗಿ ಬಿಡಿಸಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಉದ್ದಕ್ಕನಿಗೆ ದಾರಿ ಬಿಡಬೇಕು ಎಂದು ತೋರಿಸಿದಳು. ಹೊಸಬಳು ಜಾಣೆ, ಎರಡೇ ಸಲಕ್ಕೆ ಹಿಡಿದು ಹಾಡಿದಳು. ಎಳೆಯ, ನೇರ ದನಿ. ಕಿವಿಗೆ ಅದು ಪೂರ್ತಿ ತಪ್ಪು ಜಾಗದಲ್ಲಿ ನಿಂತು ಹಾಡಿದಂತೆ ಕೇಳಿತು. ಎದ್ದು ನಿಲ್ಲಿಸಿಬಿಡಬೇಕು ಅನ್ನಿಸಿತು.

“ಇದು ಸರೀನಾ ಅಕ್ಕ?” ಎಂದು ಹೊಸಬಳು ಅವಳನ್ನೇ ಕೇಳಿದಳು.

ಅವಳು ತಲೆ ಎತ್ತಿ ಉದ್ದಕ್ಕನನ್ನು ನೋಡಿದಳು. ಉದ್ದಕ್ಕ ಕಿಟಕಿಯ ಹತ್ತಿರ, ಇವಳಿಗೆ ಅರ್ಧ ಬೆನ್ನು ತಿರುಗಿಸಿ ನಿಂತಿದ್ದಳು. ಕುತ್ತಿಗೆಯ ಉಣ್ಣೆಯ ಬಟ್ಟೆಯ ಮೇಲೆ ಒಂದು ಕೈಯಿತ್ತು. ಆಮೇಲೆ ಹೊರಗಿನ ಬೀದಿಯನ್ನೇ ನೋಡುತ್ತ, ಹೌದೆಂಬಂತೆ ಒಮ್ಮೆ ತಲೆಯಾಡಿಸಿದಳು.

“ಸರಿ ಇದೆ,” ಎಂದಳು ಕಿವಿ. “ಎರಡನೇ ಸಾಲು ಹಾಡು.”